ಮಾಲ್ಗುಡಿಯ ಮುಖಗಳು ಅಗಲವಾಗಿ ಕಾಣುವುದೇಕೆ?

ಹೊಸ ಟಿವಿಯಲ್ಲಿ ತಾಯಿಯವರಿಗೆ 'ಮಾಲ್ಗುಡಿ ಡೇಸ್' ಹಾಕಿದರೆ ಮುಖಗಳು ಅಗಲ, ದನಿ ಕೀಚಲು, ಮುಂದೆ ಏನು ತೋರಿಸಲಿ ಅಂತ ಕೇಳಿದ್ದೀರಿ.

ಅದು 4:3 ಅಳತೆಯ ಚಿತ್ರ, ಅಂದರೆ ಅಗಲ ನಾಲ್ಕು ಪಾಲಾದರೆ ಎತ್ತರ ಮೂರು ಪಾಲು. ನಿಮ್ಮ ಟಿವಿ ಅದನ್ನು ತನ್ನ ಅಗಲ ಪರದೆಯ 16:9 ಅಳತೆಗೆ ಎಳೆಯುತ್ತಿದೆ. ಪಿಕ್ಚರ್ ಸೆಟ್ಟಿಂಗ್‌ನಲ್ಲಿ ಅಳತೆಯನ್ನು 4:3 ಅಥವಾ ಒರಿಜಿನಲ್ ಮಾಡಿ. ಎರಡೂ ಬದಿ ಕಪ್ಪು ಪಟ್ಟಿ ಬರುತ್ತದೆ, ಬರಲಿ. ಝೂಮ್ ಮಾತ್ರ ಬೇಡ, ತಲೆಗಳೇ ಕತ್ತರಿಸಿಹೋಗುತ್ತವೆ. ಕೀಚಲು ದನಿಗೆ ಬಹುಶಃ ಟಿವಿ ಕಾರಣವಲ್ಲ. ಹಕ್ಕುಸ್ವಾಮ್ಯದ ತಪಾಸಣೆಗೆ ಸಿಗದಿರಲೆಂದು ಕೆಲವರು ವೇಗ ಹೆಚ್ಚಿಸಿ, ಚಿತ್ರವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಯೂಟ್ಯೂಬಿಗೆ ಹಾಕುತ್ತಾರೆ. ಶೀರ್ಷಿಕೆಯ ಅಕ್ಷರ ತಿರುವುಮುರುವಾಗಿದ್ದರೆ ಅಂಥದ್ದೇ ಪ್ರತಿ, ಬೇರೆ ಹುಡುಕಿ. ಶಂಕರ್‌ನಾಗ್ ಇದನ್ನು ತೆಗೆದದ್ದು ಹಿಂದಿ, ಇಂಗ್ಲಿಷಿನಲ್ಲಿ. ಕನ್ನಡದ್ದು ಡಬ್ಬಿಂಗ್, ತುಟಿ ಹೊಂದದಿದ್ದರೆ ಅದು ದೋಷವಲ್ಲ.

ಮೊದಲು ಸ್ವಾಮಿ ಎಂಬ ಹುಡುಗನ ಕಂತುಗಳನ್ನು ಸಾಲಾಗಿ ತೋರಿಸಿ. ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್, ಅಪ್ಪನಾಗಿ ಗಿರೀಶ ಕಾರ್ನಾಡ್, ಆಗುಂಬೆಯ ಆ ದೊಡ್ಡಮನೆ! ಆಮೇಲೆ ಹೆಚ್ಚಿನವು ಬಿಡಿ ಕಥೆಗಳು, ಕ್ರಮ ಬೇಕಿಲ್ಲ. ವಿಷ್ಣುವರ್ಧನ್ ಇರುವ 'ನಲವತ್ತೈದು ರೂಪಾಯಿ ಸಂಬಳ'ದ ಕಥೆ ತಪ್ಪಿಸಬೇಡಿ.

ನಂತರ ಟಿ.ಎನ್. ಸೀತಾರಾಮ್ ಅವರ 'ಮುಕ್ತ' ಧಾರಾವಾಹಿ. ಅದನ್ನು ಮಧ್ಯದಿಂದ ಶುರು ಮಾಡಿದರೆ ಕೋರ್ಟಿನ ವಾದ ತಲೆಗೆ ಹತ್ತುವುದಿಲ್ಲ. ಈಗಿನ ದೈನಿಕ ಧಾರಾವಾಹಿಗಳಲ್ಲಿ ಒಂದು ಮಾತಿಗೆ ಐದು ಮುಖ ತೋರಿಸುತ್ತಾರೆ, ಕಥೆ ನಿಂತಲ್ಲೇ ನಿಲ್ಲುತ್ತದೆ. ಸೀತಾರಾಮ್ ಅವರಲ್ಲಿ ಮಾತೇ ಕಥೆಯನ್ನು ಮುಂದಕ್ಕೆ ಒಯ್ಯುತ್ತದೆ.