ವಿಜ್ಞಾನ ಪ್ರಶ್ನೋತ್ತರ: ಪಾಲಕ್ ಸೊಪ್ಪಿನ ನಾಲ್ಕು ಬಣ್ಣಗಳು

ಪ್ರಶ್ನೆ: ಕಾಗದದ ಕ್ರೊಮಟೋಗ್ರಫಿ (ಬೆರೆತ ಬಣ್ಣಗಳನ್ನು ಕಾಗದದ ಮೇಲೆ ಬಿಡಿಸುವ ವಿಧಾನ) ತೋರಿಸಲು ಪಾಲಕ್ ಸೊಪ್ಪು ಅರೆದು, ರಸದ ಚುಕ್ಕಿಯನ್ನು ಫಿಲ್ಟರ್ ಪೇಪರಿನ ಮೇಲಿಟ್ಟು, ಪೇಪರಿನ ತುದಿಯನ್ನು ಅಸಿಟೋನಿನಲ್ಲಿ ನಿಲ್ಲಿಸಿದೆ. ಪುಸ್ತಕದಲ್ಲಿ ನಾಲ್ಕು ಪಟ್ಟೆಗಳಿವೆ. ನಮಗೆ ಬಂದದ್ದು ಮೇಲ್ತುದಿಯಲ್ಲೊಂದು ಹಸಿರು ಗೆರೆ, ಅದರ ಹಿಂದೆ ಉದ್ದನೆಯ ಬಾಲ. ಅಗ್ಗದ ಪೇಪರು ಬಳಸಿದ್ದಕ್ಕೆ ಹೀಗಾಯಿತೇ?
— ಪ್ರೌಢಶಾಲಾ ವಿಜ್ಞಾನ ಶಿಕ್ಷಕಿ, ಹೊಸದುರ್ಗ

ಉತ್ತರ: ಪೇಪರನ್ನು ಬಯ್ಯಬೇಡಿ, ಕೆಡಿಸಿದ್ದು ದ್ರಾವಕ. ಎಲೆಯಿಂದ ಬಣ್ಣ ಇಳಿಸಲು ಅಸಿಟೋನ್ ಒಳ್ಳೆಯದೇ. ಆದರೆ ಪೇಪರಿನ ಮೇಲೆ ಬರೀ ಅಸಿಟೋನ್ ಹರಿಸಿದರೆ ಅದು ಎಲ್ಲ ಬಣ್ಣಗಳನ್ನೂ ಒಟ್ಟಿಗೇ ಮೇಲಕ್ಕೆ ಒಯ್ದುಬಿಡುತ್ತದೆ.

ಪೇಪರಿನ ನಾರು ಸೆಲ್ಯುಲೋಸ್. ಗಾಳಿಯ ತೇವವನ್ನು ಅದು ಸದಾ ಹಿಡಿದಿಟ್ಟುಕೊಂಡಿರುತ್ತದೆ. ಬಣ್ಣದ ಅಣು ಅಲ್ಲಿ ಕ್ಷಣ ಹೊತ್ತು ತಂಗುತ್ತದೆ, ಮತ್ತೆ ದ್ರಾವಕದಲ್ಲಿ ಕರಗಿ ಏರುತ್ತದೆ, ಮತ್ತೆ ತಂಗುತ್ತದೆ. ಹೆಚ್ಚು ತಂಗುವುದು ಹಿಂದೆ ಬೀಳುತ್ತದೆ, ಅಷ್ಟೆ. ಕ್ಯಾರೊಟೀನಿನಲ್ಲಿ ಇಂಗಾಲ, ಜಲಜನಕ ಬಿಟ್ಟರೆ ಬೇರೇನೂ ಇಲ್ಲ. ನಾರಿಗೆ ಅದರ ಗೊಡವೆ ಬೇಡ, ಹಾಗಾಗಿ ಕಿತ್ತಳೆ ಪಟ್ಟೆ ಎಲ್ಲಕ್ಕಿಂತ ಮುಂದೆ ಓಡುತ್ತದೆ. ಅದರ ಕೆಳಗೆ ಹಳದಿ ಕ್ಸಾಂತೊಫಿಲ್, ನಂತರ ನೀಲಿ ಛಾಯೆಯ ಹಸಿರಿನ ಕ್ಲೋರೊಫಿಲ್ ಎ, ಕೊನೆಗೆ ಹಳದಿ ಛಾಯೆಯ ಹಸಿರಿನ ಕ್ಲೋರೊಫಿಲ್ ಬಿ. ಕ್ಲೋರೊಫಿಲ್ ಎಯಲ್ಲಿ ಮೀಥೈಲ್ (ಬರೀ ಇಂಗಾಲ, ಜಲಜನಕದ ಗುಂಪು) ಇರುವ ಜಾಗದಲ್ಲಿ ಬಿಗೆ ಆಮ್ಲಜನಕವೂ ಇರುವ ಆಲ್ಡಿಹೈಡ್ ಗುಂಪು ಇದೆ, ನಾರು ಅದನ್ನು ಹೆಚ್ಚು ತಂಗಿಸುತ್ತದೆ. ಅಷ್ಟು ಸಣ್ಣ ವ್ಯತ್ಯಾಸವೇ ಎರಡು ಹಸಿರುಗಳನ್ನು ಬೇರ್ಪಡಿಸಲು ಸಾಕು. (ಪೇಪರಿನ ಬದಲು ಸಿಲಿಕಾ ಪುಡಿ ಬಳಿದ ತಟ್ಟೆಯ ಮೇಲೆ ಇದೇ ರಸ ಓಡಿಸಿದರೆ ಕ್ಸಾಂತೊಫಿಲ್ ಹಸಿರುಗಳ ಕೆಳಗೆ ಬರುವುದುಂಟು. ಪುಸ್ತಕದ ಚಿತ್ರ ಯಾವುದರದ್ದೆಂದು ಮೊದಲು ನೋಡಿಕೊಳ್ಳಿ.)

ಮುಂದಿನ ಸಲ ಹೀಗೆ ಮಾಡಿ. ಎಲೆಯ ನೀರನ್ನು ಬಟ್ಟೆಯಿಂದ ಒತ್ತಿ ತೆಗೆದು, ಎರಡು ಮೂರು ಎಲೆಗಳನ್ನು ಚಿಟಿಕೆ ಮರಳು, ಚಿಟಿಕೆ ಕ್ಯಾಲ್ಸಿಯಂ ಕಾರ್ಬೊನೇಟ್, 5 ಮಿ.ಲೀ. ಅಸಿಟೋನ್ ಹಾಕಿ ಖಲ್ಲಿನಲ್ಲಿ ಅರೆಯಿರಿ. ಕಾರ್ಬೊನೇಟ್ ಏಕೆಂದರೆ, ಜಜ್ಜಿದ ಎಲೆಯಿಂದ ಹೊರಬರುವ ಆಮ್ಲ ಕ್ಲೋರೊಫಿಲ್ಲಿನ ಮೆಗ್ನೀಸಿಯಂ ಕಿತ್ತುಹಾಕಿ ಅದನ್ನು ಬೂದು ಬಣ್ಣದ ಫಿಯೊಫೈಟಿನ್ ಮಾಡುತ್ತದೆ. ಕ್ಯಾರೊಟೀನಿನ ಕೆಳಗೆ ಲೆಕ್ಕಕ್ಕೆ ಸಿಗದ ಬೂದು ಪಟ್ಟೆ ಕಂಡರೆ ಕಾರಣ ಇದೇ. ಕರಿಹಲಗೆಯ ಸೀಮೆಸುಣ್ಣ ಎಷ್ಟೋ ಸಲ ಜಿಪ್ಸಂ ಆಗಿರುತ್ತದೆ, ಅದು ಈ ಕೆಲಸಕ್ಕೆ ಬಾರದು.

ಪೇಪರಿನ ಬುಡದಿಂದ 2 ಸೆಂ.ಮೀ. ಮೇಲೆ ಪೆನ್ಸಿಲ್ ಗೆರೆ ಎಳೆಯಿರಿ. ಪೆನ್ನು ಬೇಡ, ಶಾಯಿಯೂ ಓಡುತ್ತದೆ. ಸಣ್ಣ ಗಾಜಿನ ನಳಿಗೆಯಿಂದ 3 ಮಿ.ಮೀ. ಮೀರದ ಚುಕ್ಕಿ ಇಟ್ಟು, ಒಣಗಿಸಿ, ಅದೇ ಜಾಗದಲ್ಲಿ ಎಂಟು ಹತ್ತು ಸಲ ಇಡಿ. ಒಂದೇ ಏಟಿಗೆ ದೊಡ್ಡ ಹನಿ ಬಿಟ್ಟರೆ ಪಟ್ಟೆಗಳು ಒಂದರ ಮೇಲೊಂದು ಬೀಳುತ್ತವೆ. ಚುಕ್ಕಿ ಪೂರ್ತಿ ಒಣಗದಿದ್ದರೆ ಉಳಿದ ಅಸಿಟೋನೇ ಬಾಲ ಎಳೆಯುತ್ತದೆ. ಜಾಡಿಯಲ್ಲಿ 18 ಮಿ.ಲೀ. ಪೆಟ್ರೋಲಿಯಂ ಈಥರ್, 2 ಮಿ.ಲೀ. ಅಸಿಟೋನ್ ಬೆರೆಸಿ ಮುಚ್ಚಿ ಹತ್ತು ನಿಮಿಷ ಬಿಡಿ, ಒಳಗೆ ಆವಿ ತುಂಬಲಿ. ದ್ರವದ ಮಟ್ಟ ಚುಕ್ಕಿಗಿಂತ ಕೆಳಗಿರಬೇಕು, ಇಲ್ಲದಿದ್ದರೆ ಬಣ್ಣವೆಲ್ಲ ಜಾಡಿಗೇ ಇಳಿಯುತ್ತದೆ. ಪೇಪರು ಗೋಡೆಗೆ ತಾಗಬಾರದು. ದ್ರಾವಕ ತುದಿ ತಲುಪುವ ಮೊದಲೇ ಹೊರತೆಗೆಯಿರಿ. ಹತ್ತಿರ ಬೆಂಕಿ ಬೇಡವೇ ಬೇಡ, ಕಿಟಕಿ ತೆರೆದಿರಲಿ.

ಅಂದಹಾಗೆ, ಈ ವಿದ್ಯೆ ಹುಟ್ಟಿದ್ದೇ ಎಲೆಯ ಬಣ್ಣದಿಂದ. ರಷ್ಯಾದ ಸಸ್ಯವಿಜ್ಞಾನಿ ಮಿಖಾಯಿಲ್ ಸ್ವೆಟ್ 1903ರಲ್ಲಿ ವಾರ್ಸಾದಲ್ಲಿ ಇದರ ಬಗ್ಗೆ ಮಾತನಾಡಿದರು. ಅವರು ಬಳಸಿದ್ದು ಪೇಪರಲ್ಲ, ಪುಡಿ ತುಂಬಿದ ಗಾಜಿನ ಕೊಳವೆ.

ಪ್ರಶ್ನೆ: ಒಂದೇ ಸ್ಕೆಚ್ ಪೆನ್, ಒಂದೇ ನೀಲಿ ಚುಕ್ಕಿ. ನನ್ನ ಆರ್‌ಎಫ್ (ಬಣ್ಣ ಏರಿದ ದೂರವನ್ನು ದ್ರಾವಕ ಏರಿದ ದೂರದಿಂದ ಭಾಗಿಸಿದ ಅಂಕಿ) 0.75, ಗೆಳತಿಯದು 0.70. ಯಾವುದು ಸರಿ?
— ಪಿಯುಸಿ ವಿದ್ಯಾರ್ಥಿನಿ, ಶಿರಸಿ

ಉತ್ತರ: ನೀವು ಪೇಪರಿನ ಬುಡದಿಂದ ಅಳೆದಿರಬಹುದು. ಆರಂಭದ ಗೆರೆಯಿಂದ ಚುಕ್ಕಿಯ ನಡುವಿಗೆ 6.3 ಸೆಂ.ಮೀ., ದ್ರಾವಕದ ಗಡಿಗೆ 9 ಸೆಂ.ಮೀ. ಇದ್ದರೆ ಆರ್‌ಎಫ್ 0.70. ಬುಡದ 2 ಸೆಂ.ಮೀ. ಎರಡಕ್ಕೂ ಸೇರಿದರೆ 8.3ನ್ನು 11ರಿಂದ ಭಾಗಿಸಿದಂತಾಗಿ 0.75 ಬರುತ್ತದೆ. ಅಳತೆ ಸರಿಯಿದ್ದರೂ ಉಷ್ಣತೆ, ಪೇಪರು, ದ್ರಾವಕದ ಪ್ರಮಾಣ ಬದಲಾದರೆ ಅಂಕಿ ಬದಲಾಗುತ್ತದೆ. ದ್ರಾವಕದ ಗಡಿಯನ್ನು ಪೇಪರು ತೆಗೆದ ಕೂಡಲೇ ಗುರುತಿಸಿ, ಆರಿದ ಮೇಲೆ ಕಾಣದು. ಪುಸ್ತಕದ ಅಂಕಿಗೆ ಹೋಲಿಸುವುದಕ್ಕಿಂತ, ಗೊತ್ತಿರುವ ಬಣ್ಣವನ್ನು ಅದೇ ಪೇಪರಿನಲ್ಲಿ ಪಕ್ಕಕ್ಕೆ ಓಡಿಸುವುದು ಮೇಲು.

ಪ್ರಶ್ನೆ: ಬಣ್ಣವೇ ಇಲ್ಲದ ವಸ್ತುಗಳು ಬೇರ್ಪಟ್ಟದ್ದು ಗೊತ್ತಾಗುವುದು ಹೇಗೆ?
— ಓದುಗರು, ಮಂಡ್ಯ

ಉತ್ತರ: ಓಡಿಸಿದ ಮೇಲೆ ಬಣ್ಣ ಬರಿಸುತ್ತಾರೆ. ಎಷ್ಟೋ ಸಾವಯವ ವಸ್ತುಗಳು ಅಯೋಡಿನ್ ಆವಿಯಲ್ಲಿ ಕಂದು ಚುಕ್ಕಿಗಳಾಗಿ ಕಾಣುತ್ತವೆ. ಪ್ರೋಟೀನಿನ ಘಟಕಗಳಾದ ಅಮೈನೋ ಆಮ್ಲಗಳಿಗೆ ನಿನ್‌ಹೈಡ್ರಿನ್ ಎಂಬ ರಾಸಾಯನಿಕ ಸಿಂಪಡಿಸಿ 100 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿ ಕೆಲವು ನಿಮಿಷ ಕಾಯಿಸಿದರೆ ನೇರಳೆ ಚುಕ್ಕಿಗಳು ಮೂಡುತ್ತವೆ, ಅವುಗಳಲ್ಲಿ ಪ್ರೋಲೀನ್ ಎಂಬುದು ಮಾತ್ರ ಹಳದಿ. ಕಾನ್ಸ್‌ಡನ್, ಗಾರ್ಡನ್, ಮಾರ್ಟಿನ್ ಎಂಬ ವಿಜ್ಞಾನಿಗಳು 1944ರಲ್ಲಿ ಪೇಪರಿನ ವಿಧಾನ ಪ್ರಕಟಿಸಿದ್ದು ಅಮೈನೋ ಆಮ್ಲಗಳನ್ನು ಬಿಡಿಸಲೆಂದೇ. ಈ ಪ್ರಯೋಗದಲ್ಲಿ ಪೇಪರನ್ನು ಅಂಚಿನಲ್ಲಿ ಮಾತ್ರ, ಚಿಮಟದಿಂದ ಹಿಡಿಯಿರಿ. ಬೆರಳ ಬೆವರಿನಲ್ಲೂ ಅಮೈನೋ ಆಮ್ಲಗಳಿವೆ, ಕಾಯಿಸಿದಾಗ ನಿಮ್ಮ ಬೆರಳಚ್ಚೂ ನೇರಳೆಯಾಗಿ ಎದ್ದುಬರುತ್ತದೆ.