ಡಬ್ಬಿಯೊಳಗಿನ ಹತ್ತಿ

ನಮ್ಮ ಎಚ್‌ಐವಿ ಚಿಕಿತ್ಸಾ ಕೇಂದ್ರಕ್ಕೆ ಬಂದ ಆಕೆ ಬ್ಯಾಗಿನಿಂದ ಒಂದು ಮಾತ್ರೆ ಡಬ್ಬಿ ತೆಗೆದು ಮೇಜಿನ ಮೇಲಿಟ್ಟರು. ಮೇಲಿನ ಚೀಟಿ ಕಿತ್ತಿತ್ತು. ಮುಚ್ಚಳ ತೆಗೆದರೆ ಒಳಗೆ ಹತ್ತಿ ತುರುಕಿದ್ದರು. "ಅಲುಗಾಡಿದ್ರ ಸಪ್ಪಳ ಆಗ್ತದ ರೀ ಮೇಡಂ. ರೂಮಿನ್ಯಾಗ ಮೂರು ಮಂದಿ ಇದೀವಿ." ಹತ್ತಿಯ ಕೆಳಗೆ ಆರು ಮಾತ್ರೆ ಉಳಿದಿದ್ದವು. ಅವನ್ನೂ ನುಂಗಿದರೆ ಡಬ್ಬಿ ಖಾಲಿಯಾಗುತ್ತದೆ ಅಂತ ಹಾಗೇ ಇಟ್ಟಿದ್ದರಂತೆ.

ಇವರ ಹೆಸರು ರೇಣುಕಾ ಅಂತಿಟ್ಟುಕೊಳ್ಳೋಣ. ಗುರುತು ಸಿಗುವ ವಿವರಗಳನ್ನೆಲ್ಲ ಬದಲಿಸಿದ್ದೇನೆ. ವಯಸ್ಸು 32, ಗಂಡ ಇಲ್ಲ. ಊರು ಉತ್ತರ ಕರ್ನಾಟಕದ ಕಡೆ, ಈಗ ಪೀಣ್ಯದ ಗಾರ್ಮೆಂಟ್ಸಿನಲ್ಲಿ ಟೈಲರ್. ಮಗಳು ಅಜ್ಜಿಯ ಹತ್ತಿರ ಇದ್ದಾಳೆ.

ಎಚ್‌ಐವಿ ಇದೆ ಎಂದು ಗೊತ್ತಾದ ಮೇಲೆ ನಾಲ್ಕು ವರ್ಷ ಮಾತ್ರೆ ತಪ್ಪಿಸಿರಲಿಲ್ಲ. ಬೆಂಗಳೂರಿಗೆ ಬಂದ ಮೇಲೂ ಮಾತ್ರೆಗೆ ಊರಿನ ಎಆರ್‌ಟಿ (ಎಚ್‌ಐವಿ ಹತೋಟಿಯ ಔಷಧಿ) ಕೇಂದ್ರಕ್ಕೇ ಹೋಗುತ್ತಿದ್ದರು. ರಾತ್ರಿ ಬಸ್ಸು, ಬೆಳಿಗ್ಗೆ ಕ್ಯೂ, ಮತ್ತೆ ರಾತ್ರಿ ಬಸ್ಸು. ಸಂಬಳ ಹೋಯಿತು, ಹಾಜರಾತಿ ಬೋನಸ್ಸೂ ಹೋಯಿತು. ಒಂದು ಸಲ ರಜೆ ಸಿಗಲಿಲ್ಲ. ಮುಂದಿನ ತಿಂಗಳು ಹೋದರೆ ಕೇಂದ್ರದವರು ಬೈಯುತ್ತಾರೇನೋ ಅಂತ ಭಯ. "ಆರಾಮ ಇದ್ದೆ ರೀ. ಮತ್ತ್ಯಾಕ ಗುಳಿಗಿ ಅನ್ನಿಸ್ತು." ಹೀಗೆ ಐದು ತಿಂಗಳು ಕಳೆದಿತ್ತು.

ಕೇಂದ್ರದವರು ಫೋನ್ ಮಾಡಲಿಲ್ವಾ ಅಂತ ಕೇಳಿದೆ. ಮಾಡಿದ್ದರು. ಆದರೆ ಕೇಂದ್ರದ ದಾಖಲೆಯಲ್ಲಿ ಇದ್ದದ್ದು ಅಣ್ಣನ ನಂಬರ್. ಅಣ್ಣನಿಗೆ ವಿಷಯ ಗೊತ್ತಿಲ್ಲ. ಆಸ್ಪತ್ರೆಯಿಂದ ಯಾಕೆ ಫೋನ್ ಬರುತ್ತಿದೆ ಅಂತ ಅವನು ಕೇಳಿದ ದಿನ, ಇನ್ನು ಅತ್ತ ಹೋಗುವುದೇ ಬೇಡ ಅಂದುಕೊಂಡಿದ್ದರು.

ಈ ಕೆಲಸಕ್ಕೆ ಬಂದ ಹೊಸದರಲ್ಲಿ ನನ್ನ ಚಿಂತೆ ಬೇರೆ ಇತ್ತು. 2004ರಲ್ಲಿ ಸರ್ಕಾರ ಉಚಿತ ಎಆರ್‌ಟಿ ಶುರು ಮಾಡಿತು, ನಿಜ. ಆದರೂ ಎಷ್ಟೋ ವರ್ಷ ಸಿಡಿ4 (ರಕ್ತದಲ್ಲಿ ರೋಗ ತಡೆಯುವ ಕಣಗಳ ಲೆಕ್ಕ) ಇಳಿಯುವ ತನಕ ಮಾತ್ರೆ ಕೊಡುವಂತಿರಲಿಲ್ಲ. "ಇನ್ನೂ ಚೆನ್ನಾಗಿದೆ, ಆರು ತಿಂಗಳು ಬಿಟ್ಟು ಬನ್ನಿ" ಅಂತ ನಾವೇ ಕಳಿಸುತ್ತಿದ್ದೆವು. ಕೆಲವರು ಮತ್ತೆ ಬಂದದ್ದು ಸ್ಟ್ರೆಚರ್ ಮೇಲೆ. 2017ರಿಂದ ಆ ಕಾಯುವಿಕೆ ಇಲ್ಲ. ಸೋಂಕು ಖಚಿತವಾದರೆ ಸಿಡಿ4 ಎಷ್ಟೇ ಇರಲಿ, ಚಿಕಿತ್ಸೆ. ಈಗ ಹೆಚ್ಚಿನವರಿಗೆ ಡೊಲುಟೆಗ್ರಾವಿರ್ ಸೇರಿ ಮೂರು ಔಷಧಿ ಇರುವ ಟಿಎಲ್‌ಡಿ, ದಿನಕ್ಕೆ ಒಂದೇ ಮಾತ್ರೆ. ಔಷಧಿ ಇಷ್ಟು ಸುಲಭವಾದ ಮೇಲೆ ಜನ ನಮ್ಮ ಕೈತಪ್ಪುವುದು ಊರು ಬದಲಾದಾಗ, ರಜೆ ಸಿಗದಾಗ, ಫೋನ್ ಇನ್ಯಾರದೋ ಕೈಯಲ್ಲಿದ್ದಾಗ. 95-95-95 ಅನ್ನುವ ಗುರಿ ಇದೆಯಲ್ಲ, ಸೋಂಕಿತರಲ್ಲಿ ಅಷ್ಟು ಶೇಕಡಾ ಜನರಿಗೆ ವಿಷಯ ಗೊತ್ತಿರಬೇಕು, ಅವರಲ್ಲಿ ಅಷ್ಟು ಜನ ಚಿಕಿತ್ಸೆಯಲ್ಲಿರಬೇಕು, ಅವರಲ್ಲಿ ಅಷ್ಟು ಜನರ ವೈರಸ್ ಹತೋಟಿಯಲ್ಲಿರಬೇಕು ಅಂತ. ಮೂರನ್ನೂ ಮುಟ್ಟಿದರೂ ಲೆಕ್ಕ ಹಾಕಿ ನೋಡಿ, 100ರಲ್ಲಿ 86 ಜನ ಮಾತ್ರ ದಡ ಸೇರಿರುತ್ತಾರೆ. ರೇಣುಕಾ ಆ ಉಳಿದ 14ರಲ್ಲಿ ಒಬ್ಬರು.

ಅವರಿಗೆ ನಾನು ಮೊದಲು ಹೇಳಿದ್ದು: ನೀವು ಬಂದಿರಲ್ಲ, ಅದು ಒಳ್ಳೆಯದಾಯಿತು. ಇಲ್ಲಿ ಯಾರೂ ಬೈಯುವುದಿಲ್ಲ. ಮನೆಗೆ ಹತ್ತಿರದ ಕೇಂದ್ರಕ್ಕೆ ಹೆಸರು ವರ್ಗ ಮಾಡಿಸಬಹುದು ಅನ್ನುವುದೇ ಅವರಿಗೆ ಗೊತ್ತಿರಲಿಲ್ಲ! ಅಲ್ಲಿಯೇ ಕೂತು ಹಳೆಯ ಕೇಂದ್ರಕ್ಕೆ ನಾನೇ ಫೋನ್ ಮಾಡಿದೆ. ಅಣ್ಣನ ನಂಬರ್ ಹೊಡೆದು ಹಾಕಿ ಅವರದೇ ನಂಬರ್ ಬರೆದೆವು. ಎಷ್ಟು ಹೊತ್ತಿಗೆ ಫೋನ್ ಮಾಡಬೇಕು ಅಂತಲೂ ಬರೆದುಕೊಂಡೆ: ಭಾನುವಾರ, ಬೆಳಿಗ್ಗೆ.

ಕೆಮ್ಮು, ಜ್ವರ, ರಾತ್ರಿ ಬೆವರು, ತೂಕ ಇಳಿಕೆ ಇದೆಯಾ ಅಂತ ಕೇಳಿದೆ. ಟಿಬಿ ಬಿಟ್ಟುಹೋಗಬಾರದು. ಸದ್ಯಕ್ಕೆ ಏನೂ ಇರಲಿಲ್ಲ. ಸಿಡಿ4 ಮಾತ್ರ ಇಳಿದಿತ್ತು. ವೈದ್ಯರು ಟಿಎಲ್‌ಡಿ ಮತ್ತೆ ಶುರು ಮಾಡಿದರು. ರೇಣುಕಾ ಗ್ಯಾಸಿಗೆ ಅಂತ ಆಗಾಗ ಔಷಧಿ ಕುಡಿಯುತ್ತಿದ್ದರು. ಅದನ್ನು ಮಾತ್ರೆಯ ಜೊತೆಗೇ ಕುಡಿದರೆ ಡೊಲುಟೆಗ್ರಾವಿರ್ ಮೈಗೆ ಸರಿಯಾಗಿ ಹತ್ತುವುದಿಲ್ಲ. ಅದಕ್ಕೇ ಮೊದಲು ಮಾತ್ರೆ, ಎರಡು ಗಂಟೆ ಬಿಟ್ಟು ಗ್ಯಾಸ್ ಔಷಧಿ ಅಂದೆ.

ಫ್ಯಾಕ್ಟರಿಗೆ ಗೊತ್ತಾದರೆ ಕೆಲಸ ಹೋಗುತ್ತೆ ಅನ್ನುವುದು ಅವರ ದೊಡ್ಡ ಭಯ. 2018ರ ಸೆಪ್ಟೆಂಬರ್‌ನಿಂದ ಜಾರಿಯಲ್ಲಿರುವ ಎಚ್‌ಐವಿ-ಏಡ್ಸ್ ಕಾನೂನು ಓದಿ ಹೇಳಿದೆ. ಎಚ್‌ಐವಿ ಇದೆ ಅನ್ನುವ ಕಾರಣಕ್ಕೆ ಸುಮ್ನೆ ಕೆಲಸದಿಂದ ತೆಗೆಯುವಂತಿಲ್ಲ. ನಿಮ್ಮ ವಿಷಯ ನಿಮ್ಮ ಒಪ್ಪಿಗೆ ಇಲ್ಲದೆ ಯಾರೂ ಬಾಯಿ ಬಿಡುವಂತಿಲ್ಲ. ಏನಾದರೂ ಕೇಳಬೇಕಿದ್ದರೆ ಏಡ್ಸ್ ಸಹಾಯವಾಣಿ 1097ಕ್ಕೆ ಫೋನ್ ಮಾಡಿ, ದುಡ್ಡು ಬೀಳುವುದಿಲ್ಲ. ಅಣ್ಣನಿಗೆ ಹೇಳಬೇಕೋ ಬೇಡವೋ ಅನ್ನುವುದನ್ನು ಅವರಿಗೇ ಬಿಟ್ಟೆ. ಅದರಲ್ಲಿ ಅವಸರ ಮಾಡಬಾರದು.

ಮಾತ್ರೆಯ ಹೊತ್ತು ಅವರೇ ಗೊತ್ತು ಮಾಡಿಕೊಂಡರು: ರಾತ್ರಿ ಊಟವಾದ ಮೇಲೆ, ಮಗಳಿಗೆ ಫೋನ್ ಮಾಡುವ ಮುಂಚೆ. ಮಾತ್ರೆ ನುಂಗದೆ ಮಗಳ ಜೊತೆ ಮಾತಿಲ್ಲ.

ಮೂರು ತಿಂಗಳಿಗೆ ವೈರಲ್ ಲೋಡ್, ಅಂದರೆ ರಕ್ತದಲ್ಲಿ ವೈರಸ್ ಎಷ್ಟಿದೆ ಅನ್ನುವ ಪರೀಕ್ಷೆ, ಮಾಡಿಸಿದೆವು. ವೈರಸ್ ಪತ್ತೆಯಾಗದ ಮಟ್ಟಕ್ಕೆ ಇಳಿದಿತ್ತು. ರಿಪೋರ್ಟ್ ಎರಡು ಸಲ ಓದಿಸಿಕೊಂಡರು. ಡಬ್ಬಿಯಲ್ಲಿ ಹತ್ತಿ ಇನ್ನೂ ಇದೆ. ಇರಲಿ ಬಿಡಿ ಅಂದೆ.