ಕ್ಯಾಮೆರಾ ಸಾಕು, ಕೆಲಸ ಇರುವುದು ಬೆಳಕು ಮತ್ತು ಧೂಳಿನಲ್ಲಿ

ಪ್ರಶ್ನೆ: ಅಪ್ಪ ತೆಗೆದ ಕಲರ್ ನೆಗೆಟಿವ್‌ಗಳು ಒಂದು ಪೆಟ್ಟಿಗೆ ತುಂಬ ಇವೆ, ಎಲ್ಲವೂ 35 ಮಿ.ಮೀ. ಫಿಲ್ಮ್. ನನ್ನ ಹತ್ತಿರ 24 ಮೆಗಾಪಿಕ್ಸೆಲ್ ಡಿಜಿಟಲ್ ಕ್ಯಾಮೆರಾ ಇದೆ. ಟ್ಯಾಬ್ಲೆಟ್ ಪರದೆಯನ್ನು ಬಿಳಿ ಮಾಡಿ, ಅದರ ಮೇಲೆ ನೆಗೆಟಿವ್ ಇಟ್ಟು ಫೋಟೊ ತೆಗೆದೆ. ಚಿತ್ರದ ತುಂಬ ಸಣ್ಣ ಸಣ್ಣ ಚೌಕಗಳು ಬಂದವು. ಒಂದು ಮೂಲೆ ಮಸುಕು. ಕಂಪ್ಯೂಟರ್‌ನಲ್ಲಿ ಪಾಸಿಟಿವ್ ಮಾಡಿದರೆ ಎಲ್ಲರ ಮುಖವೂ ನೀಲಿ. ಸ್ಕ್ಯಾನರ್ ಕೊಂಡುಬಿಡಲಾ?

ಉತ್ತರ: ಬೇಡ. ನಿಮ್ಮ ಕ್ಯಾಮೆರಾ ಈ ಕೆಲಸಕ್ಕೆ ಧಾರಾಳವಾಗಿ ಸಾಕು. 35 ಮಿ.ಮೀ. ಫಿಲ್ಮ್‌ನ ಒಂದು ಫ್ರೇಮ್ 36 ಮಿ.ಮೀ. ಅಗಲ, 24 ಮಿ.ಮೀ. ಎತ್ತರ. ಅದು ವ್ಯೂಫೈಂಡರ್ ತುಂಬ ಬರುವಂತೆ ತೆಗೆದರೆ ಅಗಲಕ್ಕೆ ಸುಮಾರು 6000 ಪಿಕ್ಸೆಲ್ ಸಿಗುತ್ತದೆ. ಅಂದರೆ ಇಂಚಿಗೆ 4200ರಷ್ಟು. ಮನೆಯ ಫೋಟೊಗಳಿಗೆ ಇದಕ್ಕಿಂತ ಜಾಸ್ತಿ ಬೇಕಾಗುವುದೇ ಇಲ್ಲ.

ಚೌಕಗಳು ಬೇರೇನಲ್ಲ, ಟ್ಯಾಬ್ಲೆಟ್ ಪರದೆಯ ಪಿಕ್ಸೆಲ್‌ಗಳು. ನೆಗೆಟಿವ್ ಪರದೆಗೆ ಅಂಟಿಕೊಂಡಂತೆ ಇದ್ದರೆ ಅವೂ ಫೋಕಸ್‌ಗೆ ಬರುತ್ತವೆ. ಫಿಲ್ಮನ್ನು ಮೂರು ನಾಲ್ಕು ಸೆಂಟಿಮೀಟರ್ ಮೇಲೆತ್ತಿ, ನಡುವೆ ಹಾಲುಬಿಳಿ ಅಕ್ರಿಲಿಕ್ ಹಾಳೆ ಇಡಿ. ಚೌಕಗಳು ಮಾಯವಾಗುತ್ತವೆ. ಆದರೂ ನನ್ನ ಸಲಹೆ ಕೇಳಿದರೆ ಟ್ಯಾಬ್ಲೆಟ್ ಬಿಟ್ಟುಬಿಡಿ. ಸಿಆರ್‌ಐ 95 ಅಥವಾ ಅದಕ್ಕಿಂತ ಹೆಚ್ಚಿರುವ ಎಲ್‌ಇಡಿ ಪ್ಯಾನೆಲ್ ತನ್ನಿ. ಈ ಅಂಕಿ ಹೆಚ್ಚಿದ್ದಷ್ಟೂ ಬಣ್ಣ ಸಹಜವಾಗಿ ಬರುತ್ತದೆ. ದುಡ್ಡು ಖರ್ಚು ಮಾಡುವುದಾದರೆ ಹೊಸ ಕ್ಯಾಮೆರಾಕ್ಕಿಂತ ಮೊದಲು ಇದಕ್ಕೇ ಮಾಡಿ. ಕೋಣೆಯ ದೀಪ ಆರಿಸಿ. ಪ್ಯಾನೆಲ್‌ನಲ್ಲಿ ಫಿಲ್ಮ್ ಮುಚ್ಚದೆ ಉಳಿದ ಜಾಗಕ್ಕೆ ಕಪ್ಪು ಕಾಗದ ಹಾಕಿ, ಇಲ್ಲದಿದ್ದರೆ ಆ ಬೆಳಕು ಲೆನ್ಸ್‌ಗೆ ನುಗ್ಗಿ ಚಿತ್ರ ಪೇಲವವಾಗುತ್ತದೆ.

ಮೂಲೆ ಮಸುಕಾಗಿದ್ದು ಕ್ಯಾಮೆರಾ ಫಿಲ್ಮ್‌ಗೆ ನೇರವಾಗಿ ಇಲ್ಲದ್ದಕ್ಕೆ, ಅಥವಾ ಫಿಲ್ಮ್ ಸುರುಳಿಗಟ್ಟಿದ್ದಕ್ಕೆ. ಇಷ್ಟು ಹತ್ತಿರದಿಂದ ತೆಗೆಯುವಾಗ ಲೆನ್ಸ್‌ನ ದ್ವಾರ ಎಫ್/8ಕ್ಕೆ ಕಿರಿದಾಗಿಸಿದರೂ ಸ್ಪಷ್ಟವಾಗಿ ಕಾಣುವ ಆಳ ಹೆಚ್ಚೆಂದರೆ 1 ಮಿ.ಮೀ. ಆಸುಪಾಸು. ಸ್ವಲ್ಪ ವಾಲಿದರೂ ಸಾಕು, ಒಂದು ಕಡೆ ಹೋಯಿತು. ಇದಕ್ಕೆ ಒಂದು ಚಿಕ್ಕ ಕನ್ನಡಿ ಬೇಕು. ಫಿಲ್ಮ್ ಇಡುವ ಜಾಗದಲ್ಲೇ ಅದನ್ನು ಮಲಗಿಸಿ, ಕ್ಯಾಮೆರಾದ ಪರದೆಯಲ್ಲಿ ನೋಡಿ. ಲೆನ್ಸ್‌ನ ಪ್ರತಿಬಿಂಬ ಒಂದು ದುಂಡನೆಯ ಕಪ್ಪು ಕಣ್ಣಾಗಿ ಕಾಣುತ್ತದೆ. ಅದು ಸರಿಯಾಗಿ ಚಿತ್ರದ ನಟ್ಟನಡುವೆ ಬರುವವರೆಗೆ ಕ್ಯಾಮೆರಾವನ್ನು ವಾಲಿಸುತ್ತಾ ಹೋಗಿ. ನಡುವೆ ಬಂತಾ, ಸ್ಟ್ಯಾಂಡಿನ ತಿರುಪು ಬಿಗಿ ಮಾಡಿ. ಇದಕ್ಕಿಂತ ಸುಲಭದ, ಇದಕ್ಕಿಂತ ನಿಖರವಾದ ಉಪಾಯ ನಾನು ಕಂಡಿಲ್ಲ. ಫಿಲ್ಮನ್ನು ಚಪ್ಪಟೆಯಾಗಿ ಹಿಡಿಯಲು ಹೋಲ್ಡರ್ ಬಳಸಿ. ಸಾದಾ ಗಾಜಿನಡಿ ಒತ್ತಬೇಡಿ, ಕಾಮನಬಿಲ್ಲಿನಂಥ ಉಂಗುರಗಳು ಮೂಡುತ್ತವೆ.

ಲೆನ್ಸ್ ಮ್ಯಾಕ್ರೊ (ತೀರಾ ಹತ್ತಿರದಿಂದ ತೆಗೆಯುವಂಥದ್ದು) ಆಗಿದ್ದರೆ ಒಳ್ಳೆಯದು. 50 ಮಿ.ಮೀ. ಲೆನ್ಸ್‌ಗೆ ಎಕ್ಸ್‌ಟೆನ್ಶನ್ ಟ್ಯೂಬ್ (ಲೆನ್ಸ್ ಮತ್ತು ಕ್ಯಾಮೆರಾ ನಡುವೆ ಕೂರುವ ಖಾಲಿ ಕೊಳವೆ) ಹಾಕಿಯೂ ಮಾಡಬಹುದು, ಅಂಚುಗಳು ಮಾತ್ರ ಕೊಂಚ ಮೆತ್ತಗಾಗುತ್ತವೆ. ಐಎಸ್‌ಒ 100, ಎಫ್/8, ಎರಡು ಸೆಕೆಂಡಿನ ಟೈಮರ್. ಎಲ್‌ಇಡಿಯ ಮಿನುಗಿನಿಂದ ಪಟ್ಟಿಗಳು ಬಂದರೆ ಶಟರ್ ವೇಗ ತಗ್ಗಿಸಿ.

ಧೂಳಿನ ವಿಷಯಕ್ಕೆ ಬರೋಣ. ಒಳ್ಳೆಯ ಫಿಲ್ಮ್ ಸ್ಕ್ಯಾನರ್‌ಗಳು ಇನ್‌ಫ್ರಾರೆಡ್ ಬೆಳಕಿನಿಂದ ಧೂಳು, ಗೀರು ಗುರುತಿಸಿ ತಾವೇ ಅಳಿಸುತ್ತವೆ. ಕ್ಯಾಮೆರಾಕ್ಕೆ ಆ ಅನುಕೂಲ ಇಲ್ಲ. ಹಾಗಾಗಿ ಪ್ರತಿ ಪಟ್ಟಿಯನ್ನೂ ಕೈಬ್ಲೋವರ್‌ನಿಂದ ಊದಿ, ಎರಡೂ ಬದಿ. ಬಾಯಿಂದ ಊದಬೇಡಿ, ಎಂಜಲು ಹಾರಿ ಕಲೆ ಕೂರುತ್ತದೆ. ಹೊಳಪಿಲ್ಲದ ಬದಿಯಲ್ಲಿ ಚಿತ್ರದ ಪದರ ಇರುತ್ತದೆ, ಅದಕ್ಕೆ ಬೆರಳು ತಾಗಿಸಲೇಬೇಡಿ. ಇಲ್ಲಿ ಕೊಟ್ಟ ಒಂದು ನಿಮಿಷ ಆಮೇಲೆ ಕಂಪ್ಯೂಟರ್ ಮುಂದೆ ಕೂತು ಚುಕ್ಕೆ ಅಳಿಸುವ ಅರ್ಧ ಗಂಟೆ ಉಳಿಸುತ್ತದೆ.

ಇನ್ನು ನೀಲಿ ಮುಖಗಳು. ಕಲರ್ ನೆಗೆಟಿವ್ ನೋಡಲು ಕಿತ್ತಳೆ ಬಣ್ಣ ಇರುತ್ತದೆ ಅಲ್ವಾ? ಅದು ಹಳತಾಗಿ ಬಂದದ್ದಲ್ಲ, ಕಾರ್ಖಾನೆಯಲ್ಲೇ ಸೇರಿಸಿದ್ದು. ಫಿಲ್ಮ್‌ನೊಳಗಿನ ಬಣ್ಣಗಳು ತಾವು ತಡೆಯಬಾರದ ಬೆಳಕನ್ನೂ ಸ್ವಲ್ಪ ತಡೆಯುತ್ತವೆ. ಆ ದೋಷ ಸರಿದೂಗಿಸಲು ಈ ಕಿತ್ತಳೆ. ಅದನ್ನು ತೆಗೆಯದೆ ಸುಮ್ನೆ ತಿರುಗುಮುರುಗು ಮಾಡಿದರೆ ಕಿತ್ತಳೆಯ ಎದುರು ಬಣ್ಣವಾದ ನೀಲಿ ಎಲ್ಲ ಕಡೆ ಹರಡುತ್ತದೆ. ಫೋಟೊ ತೆಗೆಯುವಾಗ ಎರಡು ಫ್ರೇಮ್‌ಗಳ ನಡುವಿನ ಖಾಲಿ ಜಾಗವೂ ಸ್ವಲ್ಪ ಬರಲಿ. ಜೆಪೆಗ್ ಅಲ್ಲ, ಕ್ಯಾಮೆರಾ ತಿದ್ದದೆ ಉಳಿಸುವ ರಾ ಫೈಲೇ ಇರಲಿ. ನೆಗೆಟಿವ್‌ನಲ್ಲಿ ಆ ಖಾಲಿ ಜಾಗಕ್ಕಿಂತ ಬೆಳ್ಳಗಿರುವುದು ಏನೂ ಇಲ್ಲ, ಆದ್ದರಿಂದ ಅದು ಹಿಸ್ಟೊಗ್ರಾಮ್‌ನ (ಕ್ಯಾಮೆರಾ ತೋರಿಸುವ ಬೆಳಕಿನ ನಕ್ಷೆಯ) ಬಲ ಅಂಚಿಗೆ ಬಡಿಯದ ಹಾಗೆ ಎಕ್ಸ್‌ಪೋಶರ್ ಹೊಂದಿಸಿ, ಇಡೀ ರೋಲ್‌ಗೆ ಅದನ್ನೇ ಉಳಿಸಿಕೊಳ್ಳಿ. ವೈಟ್ ಬ್ಯಾಲೆನ್ಸ್ (ಯಾವುದು ಬಿಳಿ ಎಂದು ಹೇಳುವ ಹೊಂದಾಣಿಕೆ) ಕೂಡ ಅದರ ಮೇಲೆಯೇ ಇಟ್ಟು, ಆಮೇಲೆ ಪಾಸಿಟಿವ್ ಮಾಡಿ. ಕೆಂಪು, ಹಸಿರು, ನೀಲಿ ಚಾನೆಲ್‌ಗಳನ್ನು ಒಂದೊಂದಾಗಿ ತಿದ್ದಿದರೆ ಮುಖಗಳು ಮುಖದ ಬಣ್ಣಕ್ಕೆ ಬರುತ್ತವೆ. ಡಾರ್ಕ್‌ಟೇಬಲ್ ಎಂಬ ಫೋಟೊ ತಿದ್ದುವ ತಂತ್ರಾಂಶದ ನೆಗಡಾಕ್ಟರ್ ಇದಕ್ಕೆಂದೇ ಇರುವ ಉಚಿತ ಸಾಧನ. ಲೈಟ್‌ರೂಮ್ ಬಳಸುವವರಿಗೆ ನೆಗೆಟಿವ್ ಲ್ಯಾಬ್ ಪ್ರೊ ಇದೆ.

ಪ್ರಶ್ನೆ: ನನ್ನದು ಸ್ಲೈಡ್‌ಗಳು, ಅಂದರೆ ನೇರವಾಗಿ ಪಾಸಿಟಿವ್ ಚಿತ್ರವೇ ಬರುವ ಫಿಲ್ಮ್. ಕೆಲವು ಗುಲಾಬಿ ಬಣ್ಣಕ್ಕೆ ತಿರುಗಿವೆ, ಕೊಡಾಕ್ ಕಂಪನಿಯ ಕೊಡಾಕ್ರೋಮ್ ಮಾತ್ರ ಹೊಸದರಂತೆ ಇವೆ. ನೆರಳಿರುವ ಕಡೆ ಬರೀ ಕಪ್ಪು ಬರುತ್ತದೆ.

ಉತ್ತರ: ಕೊಡಾಕ್ರೋಮ್ ತಯಾರಿಕೆ 2009ರಲ್ಲೇ ನಿಂತಿತು. ಆದರೆ ಕತ್ತಲಲ್ಲಿಟ್ಟರೆ ಅದರಷ್ಟು ಚೆನ್ನಾಗಿ ಬಣ್ಣ ಉಳಿಸಿಕೊಂಡ ಕಲರ್ ಫಿಲ್ಮ್ ಕಡಿಮೆ. ಗುಲಾಬಿಯಾದವುಗಳಲ್ಲಿ ಸಯಾನ್ (ಹಸಿರುನೀಲಿ) ಬಣ್ಣ ಮಾಸಿದೆ. ಕೆಂಪು ಚಾನೆಲ್ ತಗ್ಗಿಸಿದರೆ ಸುಮಾರಾಗಿ ಸುಧಾರಿಸುತ್ತವೆ, ಪೂರ್ತಿ ಅಲ್ಲ. ಸ್ಲೈಡ್‌ನ ನೆರಳು ಬಹಳ ಗಾಢ. ಬೆಳಕಿನ ಭಾಗ ಬರೀ ಬಿಳಿಯಾಗದಂತೆ ಒಂದು, ನೆರಳು ಕಾಣುವಂತೆ ಇನ್ನೊಂದು ಫೋಟೊ ತೆಗೆದು ಎರಡನ್ನೂ ಸೇರಿಸಿ.

ಪ್ರಶ್ನೆ: ಡಿಜಿಟಲ್ ಆದ ಮೇಲೆ ನೆಗೆಟಿವ್ ಎಸೆಯಬಹುದಾ? ಕೆಲವು ವಿನೆಗರ್ ವಾಸನೆ ಬರುತ್ತಿವೆ.

ಉತ್ತರ: ದಯವಿಟ್ಟು ಎಸೆಯಬೇಡಿ. ನಾಳೆ ಇನ್ನೂ ಚೆನ್ನಾಗಿ ತೆಗೆಯಬೇಕೆಂದರೆ ಬೇಕಾಗುವುದು ಅದೇ. ವಿನೆಗರ್ ವಾಸನೆ ಬಂದರೆ ಫಿಲ್ಮ್‌ನ ಅಸಿಟೇಟ್ ಹಾಳೆ ಕೊಳೆಯುತ್ತಿದೆ ಎಂದರ್ಥ. ಅದರಿಂದ ಏಳುವ ಆಮ್ಲ ಪಕ್ಕದ ಫಿಲ್ಮ್‌ಗಳನ್ನೂ ಹಾಳು ಮಾಡುತ್ತದೆ. ಅವನ್ನು ಇವತ್ತೇ ಬೇರೆ ಮಾಡಿ, ತಂಪಾದ, ಒಣ ಜಾಗದಲ್ಲಿಡಿ. ಅವು ಸೊಟ್ಟಗಾಗುವ ಮೊದಲು, ಉಳಿದವನ್ನೆಲ್ಲ ಬಿಟ್ಟು, ಅವುಗಳ ಫೋಟೊ ತೆಗೆಯಿರಿ.